ಕೈಕೆಲಸದ ಕೋವಿಗಳಲ್ಲಿ ಮರ–ಲೋಹಗಳ ಜೋಡಣೆ: ಒಂದು ವಿವೇಚನೆ

ಬೀದರ ಕೋಟೆಯ ಬುರುಜುಗಳ ಮೇಲಿನ ಭಾರಿ ತೋಪುಗಳು ಪ್ರವಾಸಿಗಳ ಕಣ್ಣನ್ನು ಸೆಳೆಯುವುದು ತಮ್ಮ ಗಾತ್ರದಿಂದ ಮತ್ತು ಮೈಮೇಲಿನ ಶಾಸನಗಳಿಂದ. ಆದರೆ ತಂತ್ರಜ್ಞಾನದ ಇತಿಹಾಸವನ್ನು ಅಭ್ಯಸಿಸುವವರಿಗೆ ಅವುಗಳ ಸಂಧಿಗಳೇ ಹೆಚ್ಚು ಮುಖ್ಯ. ಉದ್ದನೆಯ ಕಬ್ಬಿಣದ ಪಟ್ಟಿಗಳನ್ನು ವೃತ್ತಾಕಾರವಾಗಿ ಜೋಡಿಸಿ, ಅವುಗಳ ಮೇಲೆ ಕಾಯಿಸಿದ ಬಳೆಗಳನ್ನು ಒತ್ತೊತ್ತಾಗಿ ತೊಡಿಸಿ ಇಂತಹ ತೋಪುಗಳನ್ನು ನಿರ್ಮಿಸಲಾಗುತ್ತಿತ್ತು. ಬಳೆಯು ತಣಿಯುತ್ತ ಕುಗ್ಗಿ ಒಳಗಿನ ಪಟ್ಟಿಗಳನ್ನು ಬಿಗಿಯುತ್ತದೆ. ಭಾಲ್ಕಿ, ಔರಾದ ಕಡೆಯ ಹಳ್ಳಿಗಳಲ್ಲಿ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಾ ತೊಡಿಸುವ ತತ್ತ್ವವೂ ಇದೇ. ಬಾಯಿಯಿಂದ ಮದ್ದು ತುಂಬುವ ಈ ತೋಪುಗಳ ಬಗೆಗೆ ಸಾಕಷ್ಟು ಬರೆಯಲಾಗಿದೆ. ಅದೇ ಕ್ರಮದಲ್ಲಿ ತುಂಬುವ ಕೈಕೋವಿಗಳ ರಚನೆಯ ಕಡೆಗೆ ಮಾತ್ರ ನಮ್ಮ ಸಂಶೋಧಕರ ಗಮನ ಹರಿದಿರುವುದು ಕಡಿಮೆ. ಕೋವಿಯ ಚರಿತ್ರೆಯು ಅದರ ಅಲಂಕಾರಕ್ಕಿಂತ ಅದರ ಜೋಡಣೆಯಲ್ಲಿ ಹೆಚ್ಚು ವಿಶ್ವಾಸಾರ್ಹವಾಗಿ ಉಳಿದಿರುತ್ತದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಳಿಗೆ ಮತ್ತು ಮರ

ಕೈಕೋವಿಯಲ್ಲಿ ಮುಖ್ಯವಾಗಿ ನಾಲ್ಕು ಅಂಗಗಳಿವೆ: ಕಬ್ಬಿಣದ ನಳಿಗೆ, ಮರದ ಹಿಡಿ, ಮದ್ದಿಗೆ ಬೆಂಕಿ ತಗುಲಿಸುವ ಕೀಲು ಮತ್ತು ಇವನ್ನು ಬಂಧಿಸುವ ಪಟ್ಟಿ, ಬೆಣೆ, ತಿರುಪುಗಳು. ಅಕ್ಬರನ ಕಾಲದಲ್ಲಿ ತಗಡನ್ನು ಕಾಗದದ ಸುರುಳಿಯಂತೆ ಓರೆಯಾಗಿ ಸುತ್ತಿ, ಅಂಚಿನ ಮೇಲೆ ಅಂಚು ಬರುವಂತೆ ಬೆಸೆದು ನಳಿಗೆಯನ್ನು ಮಾಡುತ್ತಿದ್ದುದನ್ನು ಅಬುಲ್ ಫಜಲನು ‘ಆಯಿನ್-ಎ-ಅಕ್ಬರಿ’ಯಲ್ಲಿ ವಿವರಿಸಿದ್ದಾನೆ. ಅಂಚುಗಳನ್ನು ಕೇವಲ ಎದುರುಬದುರಾಗಿ ಕೂಡಿಸಿದ ನಳಿಗೆಗಳು ಸಿಡಿಯುವ ಅಪಾಯವಿದ್ದುದೇ ಈ ಸುಧಾರಣೆಗೆ ಕಾರಣ.

ಜೋಡಣೆಯಲ್ಲಿ ಮೊದಲ ಸ್ಥಾನ ನಳಿಗೆಯದು. ಅದು ಮರದಲ್ಲಿ ಎಲ್ಲಿ ಕೂರುತ್ತದೆ ಎಂಬುದರ ಮೇಲೆ ಉಳಿದೆಲ್ಲ ಭಾಗಗಳ ಸ್ಥಾನ ನಿರ್ಧಾರವಾಗುತ್ತದೆ. ಚೆನ್ನಾಗಿ ಒಣಗಿದ ಮರದಲ್ಲಿ ಕಾಲುವೆ ಕೊರೆದು, ನಳಿಗೆಗೆ ಕಾಡಿಗೆಯನ್ನು ಸವರಿ ಒತ್ತಿ ತೆಗೆದರೆ, ಉಬ್ಬಿರುವ ಎಡೆಗಳಲ್ಲಿ ಮಾತ್ರ ಕಪ್ಪು ಹತ್ತುತ್ತದೆ. ಅಷ್ಟನ್ನೇ ಉಳಿಯಿಂದ ಕೆತ್ತಿ ಮತ್ತೆ ಒತ್ತಿ ನೋಡಬೇಕು. ಲೋಹದ ಮೈಯೆಲ್ಲ ಮರಕ್ಕೆ ಸಮನಾಗಿ ತಾಗುವವರೆಗೆ ಈ ಕೆಲಸ ಮುಂದುವರಿಯುತ್ತದೆ. ಇದು ಕೇವಲ ಅಂದದ ಪ್ರಶ್ನೆಯಲ್ಲ. ಮದ್ದು ಸಿಡಿದಾಗ ಹಿಂದಕ್ಕೆ ಬರುವ ಒತ್ತಡವನ್ನು ನಳಿಗೆಯ ಬುಡವು ಮರಕ್ಕೆ ದಾಟಿಸುತ್ತದೆ. ಅಲ್ಲಿ ಸಂದು ಉಳಿದಿದ್ದರೆ ಒತ್ತಡವೆಲ್ಲ ಒಂದೇ ಬಿಂದುವಿನ ಮೇಲೆ ಬಿದ್ದು ಹಿಡಿ ಸೀಳುತ್ತದೆ.

ಮರವು ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಕಬ್ಬಿಣಕ್ಕೆ ಆ ಗುಣವಿಲ್ಲ. ಈ ವಿರೋಧವನ್ನು ಕುಶಲಕರ್ಮಿಗಳು ಎರಡು ಬಗೆಯಲ್ಲಿ ಪರಿಹರಿಸಿದ್ದಾರೆ. ಭಾರತೀಯ ಜಾಮಗಿ ಬಂದೂಕುಗಳಲ್ಲಿ ನಳಿಗೆಯನ್ನೂ ಮರವನ್ನೂ ಲೋಹದ ಬಳೆ, ತಂತಿ ಇಲ್ಲವೆ ತೊಗಲಿನ ಪಟ್ಟಿಯಿಂದ ಸುತ್ತಿ ಕಟ್ಟಲಾಗುತ್ತಿತ್ತು. ಸಡಿಲವಾದರೆ ಬಿಚ್ಚಿ ಮತ್ತೆ ಬಿಗಿಯುವುದು ಸುಲಭ. ಯುರೋಪಿನ ಮಾದರಿಯಲ್ಲಾದರೋ ನಳಿಗೆಯ ತಳದಲ್ಲಿ ಸಣ್ಣ ಕಿವಿಗಳನ್ನು ಕೂರಿಸಿ, ಮರದ ಮೂಲಕ ಅಡ್ಡಲಾಗಿ ಬೆಣೆ ಹೊಡೆಯುವ ಕ್ರಮವಿತ್ತು. ಒಳ್ಳೆಯ ಕೆಲಸಗಾರನು ಆ ಕಿವಿಯ ರಂಧ್ರವನ್ನು ತುಸು ಉದ್ದವಾಗಿ ಕೊರೆದು ಮರದ ಚಲನೆಗೆ ಅವಕಾಶ ಬಿಡುತ್ತಿದ್ದನು.

ಕೀಲಿನ ಸ್ಥಾನಾಂತರ

ಜಾಮಗಿ ಬಂದೂಕಿನಲ್ಲಿ ಉರಿಯುವ ಬತ್ತಿಯನ್ನು ಹಿಡಿದ ಸನ್ನೆಯು ಮರದೊಳಗಿನ ಸೀಳಿನಲ್ಲಿ ಆಡುತ್ತದೆ. ಹೀಗೆ ದುರ್ಬಲಗೊಂಡ ಮರಕ್ಕೆ ಎರಡೂ ಪಕ್ಕದಲ್ಲಿ ಉದ್ದನೆಯ ಕಬ್ಬಿಣದ ಪಟ್ಟಿಗಳು ಆಸರೆಯಾಗುತ್ತವೆ. ಚಕಮಕಿ ಬಂದೂಕಿನಲ್ಲಿ ಯಂತ್ರವೆಲ್ಲ ಒಂದು ಪಟ್ಟಿಯ ಮೇಲೆ ಕುಳಿತು ಹಿಡಿಯ ಪಾರ್ಶ್ವದೊಳಗೆ ಸೇರುತ್ತದೆ. ಎದುರು ಪಕ್ಕದಿಂದ ಬರುವ ತಿರುಪುಗಳು ಅದನ್ನು ಹಿಡಿದಿಡುತ್ತವೆ. ಇಲ್ಲಿ ರಂಜಕದ ಬಟ್ಟಲು ನಳಿಗೆಯ ರಂಧ್ರಕ್ಕೆ ಸರಿಯಾಗಿ ತಾಗಿರಬೇಕು. ಇಲ್ಲದಿದ್ದರೆ ಬಟ್ಟಲಿನ ಮದ್ದು ಉರಿದರೂ ನಳಿಗೆಯೊಳಗಿನ ಮದ್ದಿಗೆ ಕಿಡಿ ತಲುಪದು. ಕಮಾನುಗಳು ಆಡುವಷ್ಟು ಮರವನ್ನು ಮಾತ್ರ ತೆಗೆಯಬೇಕು. ಹೆಚ್ಚು ತೆಗೆದರೆ ಹಿಡಿಯು ತನ್ನ ಅತ್ಯಂತ ಸಪೂರವಾದ ಎಡೆಯಲ್ಲಿಯೇ ಮುರಿಯುತ್ತದೆ.

ಈ ವಿದ್ಯೆಯು ಕರ್ನಾಟಕದಲ್ಲಿ ಮುಟ್ಟಿದ ಎತ್ತರಕ್ಕೆ ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣದ ಚಕಮಕಿ ಬಂದೂಕುಗಳು ಸಾಕ್ಷಿ. ಹುಲಿಯ ಆಕಾರದ ಕುದುರೆ, ಹುಲಿಪಟ್ಟೆಯ ವಿನ್ಯಾಸ, ನಳಿಗೆಯ ಮೇಲಿನ ಮೌಲೂದಿ ಸಂವತ್ಸರ ಇವು ಪ್ರಸಿದ್ಧ. ಅವನ ಕೆಲವು ಜೋಡಿ ಪಿಸ್ತೂಲುಗಳಲ್ಲಿ ಒಂದರ ಕೀಲು ಬಲಕ್ಕೂ ಇನ್ನೊಂದರದು ಎಡಕ್ಕೂ ಇರುವುದು ಅಷ್ಟೇ ಗಮನಾರ್ಹ. ಎಡದ ಕೀಲನ್ನು ಮಾಡಲು ಪ್ರತಿಯೊಂದು ಬಿಡಿಭಾಗವನ್ನೂ ಕನ್ನಡಿಯ ಬಿಂಬದಂತೆ ಹೊಸದಾಗಿ ರೂಪಿಸಬೇಕು. ಯುರೋಪಿನ ಕೀಲನ್ನು ತಂದು ಕೂರಿಸುವುದಕ್ಕೂ ಆ ತತ್ತ್ವವನ್ನು ಸ್ವಂತ ಮಾಡಿಕೊಳ್ಳುವುದಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. 1799ರ ಮೇ 4ರಂದು ಪಟ್ಟಣವು ಪತನವಾದ ಬಳಿಕ ಇಂತಹ ಬಂದೂಕುಗಳು ಬ್ರಿಟನ್ನಿನ ಸಂಗ್ರಹಗಳನ್ನು ಸೇರಿದವು.

ಸ್ಕಾಟ್ಲೆಂಡಿನ ಅಲೆಗ್ಸಾಂಡರ್ ಫಾರ್ಸೈತ್ 1807ರಲ್ಲಿ ಹಕ್ಕುಪತ್ರ ಪಡೆದ ಸ್ಫೋಟಕ ಕ್ರಮವು ಮುಂದೆ ಕೇಪಿನ ರೂಪವನ್ನು ತಾಳಿತು. ಆಗ ಅಸಂಖ್ಯ ಹಳೆಯ ಬಂದೂಕುಗಳ ಬಟ್ಟಲನ್ನು ತೆಗೆದು, ರಂಧ್ರದ ಎಡೆಯಲ್ಲಿ ಕೇಪು ಕೂರುವ ಕಿರುಗೊಳವೆಯನ್ನು ಜೋಡಿಸಿ, ಚಕಮಕಿ ಕಲ್ಲನ್ನು ಹಿಡಿಯುತ್ತಿದ್ದ ಕುದುರೆಯ ಬದಲು ಸುತ್ತಿಗೆಯಂತಹ ಕುದುರೆಯನ್ನು ಇಡಲಾಯಿತು. ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ‘ಕೇಪಿನ ಕೋವಿ’ ಎಂಬ ಹೆಸರು ಉಳಿದಿರುವುದು ಈ ಹಂತದಿಂದ. ಮುಚ್ಚಿದ ತಿರುಪಿನ ರಂಧ್ರ, ಪಟ್ಟಿಯ ಮೇಲಿನ ತೇಪೆ, ಹಿಡಿಗೆ ಸೇರಿಸಿದ ಮರದ ಚೂರು ಇವೆಲ್ಲ ಅಂತಹ ಪರಿವರ್ತನೆಯ ದಾಖಲೆಗಳು.

ದಾಖಲೀಕರಣದ ಅಗತ್ಯ

ಕೊಡಗಿನಲ್ಲಿ ಕೋವಿಯು ಇಂದಿಗೂ ಜೀವಂತ ಸಂಸ್ಕೃತಿಯ ಅಂಗ. ಕೈಲ್‌ಪೊಳ್ದ್ ಹಬ್ಬದಲ್ಲಿ ಅದರ ಬಾಯಿಗೆ ‘ತೋಕ್ ಪೂ’ವನ್ನು ಸಿಕ್ಕಿಸಿ ಪೂಜಿಸಲಾಗುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರ ಪರವಾನಗಿಯಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರವು ಹತ್ತು ವರ್ಷಗಳಿಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಹೀಗೆ ಬಳಕೆಯ ಹಕ್ಕು ಉಳಿದಿದೆ. ಆದರೆ ಜೋಡಣೆಯ ಅರಿವಿಗೆ ಇಂತಹ ರಕ್ಷಣೆಯಿಲ್ಲ. ಹಳೆಯ ಕೋವಿಯನ್ನು ಹೊಳಪಿಗಾಗಿ ಉಜ್ಜುವುದು, ಸವೆದ ತಿರುಪಿಗೆ ಅಂಗಡಿಯ ತಿರುಪನ್ನು ಹಾಕುವುದು, ಸಡಿಲವಾದ ಸಂದಿಗೆ ಅಂಟು ತುಂಬುವುದು ಇವು ಸದುದ್ದೇಶದಿಂದಲೇ ನಡೆಯುತ್ತವೆ. ಫಲವಾಗಿ ಉಳಿಯ ಗೆರೆ, ಅರದ ಗುರುತು, ಕಾಡಿಗೆಯ ಕಲೆಗಳು ಶಾಶ್ವತವಾಗಿ ಅಳಿಸಿಹೋಗುತ್ತವೆ.

ಆದ್ದರಿಂದ ವಸ್ತುಸಂಗ್ರಹಾಲಯಗಳ ಪಟ್ಟಿಗಳಲ್ಲಿ ಉದ್ದ, ತೂಕ, ಅಲಂಕಾರಗಳ ಜೊತೆಗೆ ನಳಿಗೆಯನ್ನು ಬಂಧಿಸಿದ ಕ್ರಮ, ಕೀಲಿನ ಪಾರ್ಶ್ವ, ತಿರುಪುಗಳ ಸ್ವರೂಪ ಮತ್ತು ದುರಸ್ತಿಯ ಗುರುತುಗಳನ್ನೂ ನಮೂದಿಸುವುದು ಅವಶ್ಯಕ. ಶುಚಿಗೊಳಿಸುವ ಮುನ್ನವೇ ಸಂಧಿಗಳ ಛಾಯಾಚಿತ್ರಗಳನ್ನು ತೆಗೆದಿರಿಸಬೇಕು. ಶಾಸನವಿಲ್ಲದ, ಕುಸುರಿಯಿಲ್ಲದ ಸಾಮಾನ್ಯ ಕೋವಿಯನ್ನು ಮಾಡಿದ ಕಮ್ಮಾರನಾಗಲಿ ಬಡಿಗನಾಗಲಿ ತನ್ನ ಹೆಸರನ್ನು ಬರೆದಿಟ್ಟಿಲ್ಲ. ಅವನ ಕೈಬರಹವಿರುವುದು ಮರಕ್ಕೂ ಲೋಹಕ್ಕೂ ನಡುವಿನ ಆ ಸಂದಿನಲ್ಲಿ ಮಾತ್ರ.