ಹಳೆಯ ಜೀಪಿನ ಕ್ಲಚ್ಚಿನ ಸದ್ದು

ಮುಂಬಯಿಯಲ್ಲಿ ಮಹೀಂದ್ರಾದವರು 1940ರ ದಶಕದ ಕೊನೆಯಿಂದ ಜೋಡಿಸಿದ ವಿಲ್ಲಿಸ್ ಜೀಪುಗಳಲ್ಲಿ ಕೆಲವು ಇನ್ನೂ ಓಡುತ್ತಿವೆ. ಇವುಗಳ ಕ್ಲಚ್ಚು ಕಿರುಗುಟ್ಟಿತೆಂದರೆ ಕೂಡಲೆ ಪ್ಲೇಟನ್ನು ಬದಲಿಸುವ ರೂಢಿಯುಂಟು. ಇದನ್ನು ನಾವು ದುಂದೆನ್ನುತ್ತೇವೆ. ಪ್ಲೇಟು ಸವೆದರೆ ಗಾಡಿ ಎಳೆಯದೆ ಜಾರುತ್ತದೆ. ಕಿರುಗುಟ್ಟುವುದು ಹೆಚ್ಚಾಗಿ ಬೇರಿಂಗು.

ಗಾಡಿಯನ್ನು ನ್ಯೂಟ್ರಲ್ಲಿನಲ್ಲಿಟ್ಟು, ಇಂಜಿನ್ ನಡೆಸಿ ಕಿವಿಗೊಡೋಣ. ಪೆಡಲನ್ನು ಹಗುರಾಗಿ ಒತ್ತಿದೊಡನೆ ಸದ್ದೆದ್ದರೆ ರಿಲೀಸ್ ಬೇರಿಂಗು. ಪೂರ್ತಿ ಒತ್ತಿದಾಗಷ್ಟೇ ಕೂಗಿದರೆ ಪೈಲಟ್ ಬುಷ್. ಒತ್ತಿದಾಗ ಅಡಗಿ ಬಿಟ್ಟಾಗ ಗೊರಗುಟ್ಟಿದರೆ ದೋಷ ಗೇರ್‌ಬಾಕ್ಸಿನದು.

ಏನನ್ನೂ ಕಳಚುವ ಮೊದಲು ಪೆಡಲಿನ ಸಡಿಲು ಸುಮಾರು 1 ಅಂಗುಲವಿದೆಯೇ ನೋಡಬೇಕು. ಇಲ್ಲವಾದರೆ ಬೇರಿಂಗು ಸದಾ ತಿರುಗಿ ಸವೆಯುತ್ತದೆ. ಪೆಡಲಿನ ಮೇಲೆ ಕಾಲಿಟ್ಟೇ ಓಡಿಸುವವರ ಗಾಡಿಗೂ ಇದೇ ಗತಿ. ಹೊಸ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆಯಕೂಡದು, ಒಳಗಿನ ಗ್ರೀಸು ಹೋಗಿಬಿಡುತ್ತದೆ. ಗೇರ್‌ಬಾಕ್ಸನ್ನು ಇಳಿಸಿದ ಮೇಲೆ ಬುಷ್ಷನ್ನೂ ಬದಲಿಸುವುದು ಲೇಸು; ಅದರ ಬೆಲೆ ಅಲ್ಪ, ಇಳಿಸುವ ಕೂಲಿಯೇ ಹೆಚ್ಚು.