ಸುಖದ ದಿನಚರಿ: ಝಾಕ್ ಆನ್ರಿ ಲಾರ್ತೀಗನ ಚಿತ್ರಸಂಪುಟಗಳು

ಫ್ರಾನ್ಸ್ ದೇಶದ ಚಿತ್ರಕಾರ ಝಾಕ್ ಆನ್ರಿ ಲಾರ್ತೀಗನಿಗೆ ತನ್ನ ಯೌವನಕಾಲದಲ್ಲಿ ಒಂದು ನಿತ್ಯವಿಧಿಯಿದ್ದಿತು. ದಿನದ ಓಡಾಟವೆಲ್ಲ ಮುಗಿದಮೇಲೆ ಒಂದು ಕಿರಿದಾದ ದಿನಚರಿಯ ಪುಸ್ತಕವನ್ನು ತೆರೆದು, ಅಂದಿನ ಹವೆ ಹೇಗಿದ್ದಿತು, ಬಿಸಿಲೋ ಮೋಡವೋ ಗಾಳಿಯೋ ಎಂಬುದನ್ನು ಮೊದಲು ಗುರುತುಮಾಡಿ, ತಾನು ಎಲ್ಲಿಗೆ ಹೋದೆ, ಯಾರನ್ನು ಕಂಡೆ, ಯಾವುದರಿಂದ ಸಂತೋಷಪಟ್ಟೆ ಎಂಬುದನ್ನು ಚಿಕ್ಕಚಿಕ್ಕ ವಾಕ್ಯಗಳಲ್ಲಿ ಬರೆದು, ಕೊನೆಗೆ ಆ ದಿನ ತಾನು ಕ್ಯಾಮೆರಾದಲ್ಲಿ ಹಿಡಿದಿದ್ದ ದೃಶ್ಯಗಳನ್ನು ನೆನಪಿನಿಂದಲೇ ಲೇಖನಿಯ ನಾಲ್ಕಾರು ಗೆರೆಗಳಲ್ಲಿ ಆ ಪುಟದ ಮೇಲೆಯೇ ಚಿತ್ರಿಸಿಡುವನು. ಗಾಜಿನ ಫಲಕ ಇನ್ನೂ ಕತ್ತಲೆಯ ಕೋಣೆಯಲ್ಲಿ ತೊಳೆದು ಹೊರಬಂದಿರುತ್ತಿರಲಿಲ್ಲ. ಅದರ ಮೇಲೆ ಏನು ಮೂಡಿದೆಯೆಂಬುದು ಯಾರಿಗೂ ತಿಳಿಯದು. ಆದರೂ ಇಂದು ಆ ರೇಖಾಚಿತ್ರಗಳನ್ನೂ ಆಮೇಲೆ ಅಚ್ಚಾದ ಛಾಯಾಚಿತ್ರಗಳನ್ನೂ ಎದುರುಬದುರಾಗಿ ಇಟ್ಟು ನೋಡಿದರೆ, ಓಡುವ ನಾಯಿಯ ಕಾಲು ಎತ್ತಿದ ಬಗೆ, ಮಹಿಳೆಯೊಬ್ಬಳ ಟೋಪಿ ವಾಲಿದ ಓರೆ, ಇವು ಕೂಡ ಎರಡರಲ್ಲೂ ಆಶ್ಚರ್ಯಕರವಾಗಿ ಒಂದೇ ಆಗಿರುತ್ತವೆ. ಕ್ಯಾಮೆರಾದ ಗುಂಡಿಯನ್ನೊತ್ತಿದ ಆ ಕ್ಷಣಾರ್ಧದಲ್ಲಿ ಆತನ ಕಣ್ಣು ಇಡೀ ದೃಶ್ಯವನ್ನು ಗ್ರಹಿಸಿ ಮುಗಿಸಿದ್ದಿತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಚಿತ್ರಕಾರರು ಕೈಗ್ಯಾಮೆರಾ ಹಿಡಿದುದು ಲಾರ್ತೀಗನಿಂದ ಮೊದಲಾದುದಲ್ಲ. ಜೆಲಟಿನ್ ಲೇಪದ ಒಣ ಫಲಕಗಳು ಬಳಕೆಗೆ ಬಂದು, ಒಂದು ಸೆಕೆಂಡಿನ ಅಲ್ಪಭಾಗದಲ್ಲಿ ಚಿತ್ರವನ್ನು ಹಿಡಿಯುವುದು ಸಾಧ್ಯವಾಗಿ, 1888ರಲ್ಲಿ ಕೊಡಾಕ್ ಕ್ಯಾಮೆರಾ ಪೇಟೆಗೆ ಬಂದಮೇಲೆ, ಮೂರು ಕಾಲಿನ ಸ್ಟ್ಯಾಂಡೂ ಕರಿಯ ಮುಸುಕೂ ಇಲ್ಲದೆ ಬೀದಿಯ ಬದುಕನ್ನು ಬೀದಿಯಲ್ಲಿಯೇ ನಿಂತು ಸೆರೆಹಿಡಿಯುವ ಸೌಲಭ್ಯ ಯೂರೋಪಿನ ಕಲಾವಿದರಿಗೆ ಒದಗಿದ್ದಿತು. ಆಮ್‌ಸ್ಟರ್‌ಡ್ಯಾಮಿನ ಬ್ರೈಟ್ನರ್ ಕಾಲುವೆಗಳ ಸೇತುವೆ, ಕುದುರೆ ಎಳೆಯುವ ಟ್ರಾಮು, ಕೆಸರಿನ ರಸ್ತೆಯಲ್ಲಿ ಸಾಗುವ ಮನೆಗೆಲಸದ ಹೆಣ್ಣುಮಕ್ಕಳು, ಇವರನ್ನೆಲ್ಲ ಹಾಗೆ ಹಿಡಿದು ತನ್ನ ವರ್ಣಚಿತ್ರಗಳಿಗೆ ಸಾಮಗ್ರಿಯನ್ನಾಗಿ ಮಾಡಿಕೊಂಡ. ಪ್ಯಾರಿಸಿನ ವುಯ್ಯಾರ್ ಮತ್ತು ಬೊನ್ನಾರ್ ತಮ್ಮ ಮನೆಮಂದಿಯನ್ನೂ ಮಿತ್ರರನ್ನೂ ತೋಟದಲ್ಲಿ, ಊಟದ ಮೇಜಿನಲ್ಲಿ ಚಿತ್ರಿಸಿಕೊಂಡರು. ಆದರೆ ಅವರೆಲ್ಲರಿಗೂ ಛಾಯಾಚಿತ್ರವೆಂಬುದು ವರ್ಣಚಿತ್ರದ ಪಕ್ಕದ ಉಪವೃತ್ತಿ. ಲಾರ್ತೀಗನಾದರೋ ತನ್ನನ್ನು ಜೀವಮಾನವೆಲ್ಲ ವರ್ಣಚಿತ್ರಕಾರನೆಂದೇ ಭಾವಿಸಿ, ಕ್ಯಾಮೆರಾದಿಂದ ಹಣವನ್ನಾಗಲಿ ಹೆಸರನ್ನಾಗಲಿ ಅಪೇಕ್ಷಿಸದೆ ಇದ್ದರೂ, ಎಂಬತ್ತು ವರ್ಷಕ್ಕೂ ಮಿಕ್ಕ ಕಾಲ ಅದನ್ನು ಕೈಬಿಡಲಿಲ್ಲ. ಹಾಗೆ ಬೆಳೆದುಬಂದ 130ಕ್ಕೂ ಹೆಚ್ಚು ದೊಡ್ಡ ಆಲ್ಬಮ್ಮುಗಳ ರಾಶಿಯನ್ನು, ಒಬ್ಬನೇ ಮನುಷ್ಯ ಕಟ್ಟಿದ ಸಂಸ್ಥೆಯೆಂದು ಕರೆದರೆ ಅತ್ಯುಕ್ತಿಯಾಗದು.

ಆತ ಹುಟ್ಟಿದುದು 1894ರ ಜೂನ್ 13ರಂದು, ಪ್ಯಾರಿಸಿನ ಸಮೀಪದ ಕೂರ್ಬೆವ್ವಾದಲ್ಲಿ. ಮನೆತನ ಬಹು ಶ್ರೀಮಂತವಾದುದು. ತಂದೆ ಸ್ವತಃ ಹವ್ಯಾಸೀ ಛಾಯಾಗ್ರಾಹಕ. ಮಗನಿಗೆ ಎಂಟು ವರ್ಷವಾದಾಗ, 1902ರಲ್ಲಿ, ಅವನದೇ ಆದ ಒಂದು ಮರದ ಕ್ಯಾಮೆರಾವನ್ನು ಕೊಡಿಸಿದ. ಅದಕ್ಕೂ ಮೊದಲೇ ಹುಡುಗನಲ್ಲಿ ಒಂದು ವಿಚಿತ್ರವಾದ ಕಳವಳ ಬೇರೂರಿದ್ದಿತು. ತನ್ನ ಸುತ್ತಲಿನ ಸುಂದರವಾದುದೆಲ್ಲ, ತೋಟದ ಬೆಳಕು, ಅಮ್ಮನ ಉಡುಪು, ಬೇಸಗೆಯ ಮಧ್ಯಾಹ್ನ, ಕಣ್ಣೆದುರಿಗೇ ಕರಗಿಹೋಗುತ್ತಿದೆಯೆಂಬ ಭಯ ಅದು. ಕಣ್ಣನ್ನು ಥಟ್ಟನೆ ತೆರೆದು ಮುಚ್ಚಿ, ನೋಡಿದುದನ್ನೆಲ್ಲ ಬಣ್ಣ, ಸದ್ದು, ವಾಸನೆಗಳ ಸಹಿತ ಒಳಗೆ ಬೋನಿನಲ್ಲಿ ಹಿಡಿದಿಡುವ ಒಂದು ಉಪಾಯವನ್ನು ತಾನು ಕಂಡುಕೊಂಡೆನೆಂದೂ, ಅದು ಕೆಲವು ದಿನಗಳಲ್ಲಿಯೇ ಕೈಕೊಡಲು ದುಃಖದಿಂದ ಹಾಸಿಗೆ ಹಿಡಿದೆನೆಂದೂ ಆತನೇ ಹೇಳಿಕೊಂಡಿದ್ದಾನೆ. ಈ ವೃತ್ತಾಂತದಲ್ಲಿ ಬಾಲ್ಯದ ಕಲ್ಪನೆ ಎಷ್ಟು, ವೃದ್ಧಾಪ್ಯದ ಅಲಂಕಾರ ಎಷ್ಟು ಎಂದು ತೂಗುವುದು ಅನಾವಶ್ಯಕ. ತಂದೆ ತಂದುಕೊಟ್ಟ ಪೆಟ್ಟಿಗೆ ಆ ಮಗುವಿಗೆ ಆಟಿಕೆಯಾಗಿ ಕಾಣಲಿಲ್ಲ, ಔಷಧವಾಗಿ ಕಂಡಿತು ಎಂಬುದನ್ನು ಮಾತ್ರ ಅನಂತರದ ಜೀವನವೆಲ್ಲ ಸಾರಿ ಹೇಳುತ್ತದೆ.

ಆ ಮನೆಯಲ್ಲಿ ಚಿತ್ರಕ್ಕೆ ವಸ್ತುವಿನ ಬರವಿರಲಿಲ್ಲ. ಝಿಸ್ಸೂ ಎಂಬ ಮುದ್ದಿನ ಹೆಸರಿನ ಅಣ್ಣ ಮೋರೀಸ್ ಸದಾ ಏನಾದರೊಂದು ಯಂತ್ರವನ್ನು ಕಟ್ಟುತ್ತಿರುವವನು: ಚಕ್ರ ಜೋಡಿಸಿ ಇಳಿಜಾರಿನಲ್ಲಿ ಬಿಡುವ ಬಂಡಿ, ನೀರಿನ ಮೇಲೆ ತೇಲುವ ವಿಲಕ್ಷಣವಾದ ತೊಡುಗೆ, ರೂಝಾ ಎಂಬಲ್ಲಿನ ಕುಟುಂಬದ ಹಳ್ಳಿಮನೆಯ ಬಯಲಿನಲ್ಲಿ ಮನೆಮಂದಿಯೆಲ್ಲ ಹಗ್ಗ ಹಿಡಿದು ಎಳೆದು ಹಾರಿಸುವ ಗ್ಲೈಡರು. ತಮ್ಮನಿಗೆ ದೇಹಪುಷ್ಟಿ ಕಡಿಮೆ. ಅಣ್ಣನ ಸಾಹಸಗಳಲ್ಲಿ ಭಾಗಿಯಾಗುವುದಕ್ಕೆ ಆತ ಕಂಡುಕೊಂಡ ದಾರಿ ಕ್ಯಾಮೆರಾದ್ದು. 1905ರಲ್ಲಿ ಸೋದರಿಕೆಯ ಬಿಶೊನ್ನಾದ್ ಎಂಬ ಹುಡುಗಿ ಮನೆಯ ಹೊರಗಿನ ಮೆಟ್ಟಿಲುಗಳಿಂದ ಜಿಗಿದಾಗ, ನೀಳವಾದ ಲಂಗವೂ ಟೋಪಿಯೂ ತೊಟ್ಟ ಆಕೆ ಗಾಳಿಯಲ್ಲಿಯೇ ನಿಂತುಬಿಟ್ಟಂತೆ ತೋರುವ ಚಿತ್ರವನ್ನು ತೆಗೆದವನಿಗೆ ಆಗ ಹನ್ನೊಂದು ವರ್ಷ. ಅದೇ ವರ್ಷ ತನ್ನ ಕೋಣೆಯಲ್ಲಿ ಆಟದ ಮೋಟಾರುಗಳನ್ನು ಸಾಲಾಗಿ ನಿಲ್ಲಿಸಿ ಕ್ಯಾಮೆರಾವನ್ನು ನೆಲಕ್ಕೇ ಇಳಿಸಿ ತೆಗೆದ ಇನ್ನೊಂದು ಚಿತ್ರವಿದೆ. ನೆಲದ ಮೇಲೆ ಬೋರಲು ಮಲಗಿ ಆಡುವ ಮಗುವಿಗೆ ಜಗತ್ತು ಯಾವ ಎತ್ತರದಿಂದ ಕಾಣಿಸುವುದೋ ಆ ಎತ್ತರದಿಂದಲೇ ತೆಗೆದ ಅಂಥ ಚಿತ್ರ ದೊಡ್ಡವರ ಕೈಯಿಂದ ಬಂದಿರಲಾರದು. ಅದಕ್ಕೆ ಹಿಂದಿನ ವರ್ಷ, 1904ರಲ್ಲಿ, ಸಮುದ್ರತೀರದ ಮರಳುದಿಬ್ಬಗಳ ಮೇಲೆ ವಿಮಾನಯಾನದ ಆದ್ಯರಲ್ಲೊಬ್ಬನಾದ ಗೇಬ್ರಿಯೆಲ್ ವ್ವಾಸೆನ್ ಗ್ಲೈಡರೊಂದರಲ್ಲಿ ನೆಲವನ್ನು ಬಿಟ್ಟೆದ್ದಾಗಲೂ ಈ ಹುಡುಗ ಕ್ಯಾಮೆರಾ ಸಹಿತ ಅಲ್ಲಿದ್ದ.

ಹದಿನಾರು ಹದಿನೇಳನೆಯ ವಯಸ್ಸಿಗೆ ಆತನ ಲಕ್ಷ್ಯ ಮನೆಯಂಗಳವನ್ನು ದಾಟಿ ನಗರಕ್ಕೆ ಹೊರಳಿತು. ಪ್ಯಾರಿಸಿನ ಬ್ವಾ ದ ಬೂಲೋನ್ ಎಂಬ ವಿಶಾಲವಾದ ಉಪವನದಲ್ಲಿ, ಮಾರ್ಸೆಲ್ ಪ್ರೂಸ್ತನ ಕಾದಂಬರಿಯನ್ನು ಓದಿದವರಿಗೆ ಚೆನ್ನಾಗಿ ಪರಿಚಿತವಾದ ಸಾಲುಮರದ ಹಾದಿಯಲ್ಲಿ, ಆ ಕಾಲದ ಶ್ರೀಮಂತ ಹಾಗೂ ವಿಲಾಸಿನೀ ಸ್ತ್ರೀಯರು ಹೊಸ ಉಡುಪುಗಳನ್ನು ತೊಟ್ಟು, ತುಪ್ಪಟದ ಕಂಠವಸ್ತ್ರವನ್ನು ಹೊದ್ದು, ನಾಯಿಗಳನ್ನು ಹಿಡಿದು, ನೋಡುವುದಕ್ಕೂ ನೋಡಲ್ಪಡುವುದಕ್ಕೂ ಎಂದು ಬೆಳಗಿನ ಹೊತ್ತು ಸಂಚರಿಸುವರು. ಲಾರ್ತೀಗ್ ಆ ಹಾದಿಯ ಅಂಚಿನಲ್ಲಿ ಕಬ್ಬಿಣದ ಕುರ್ಚಿಯೊಂದರ ಮೇಲೆ, ಅಳತೆಯ ಮುಳ್ಳನ್ನು ನಾಲ್ಕೈದು ಮೀಟರಿಗೆ ನಿಲ್ಲಿಸಿಕೊಂಡು, ಕಾದಿರುವನು. ದೂರದಲ್ಲಿ ಗರಿಯ ಟೋಪಿಯೊಂದು ಗೋಚರಿಸುತ್ತಲೂ ಎದೆ ಹೊಡೆದುಕೊಳ್ಳುವುದು. ಇಪ್ಪತ್ತು ಹೆಜ್ಜೆ, ಹತ್ತು, ಐದು. ಥಟ್ಟೆಂದು ಸದ್ದುಮಾಡುವ ಷಟರಿಗೆ ಆ ಮಹಿಳೆ ಬೆಚ್ಚುವಳು, ಜೊತೆಯ ಗಂಡಸು ಗದರಿಸುವನು, ಹುಡುಗ ಮುಗುಳ್ನಗುವನು. 1911ರ ಜನವರಿಯಲ್ಲಿ ಹೀಗೆ ದೊರಕಿದ ಒಂದು ಚಿತ್ರದಲ್ಲಿ, ಎರಡು ಸಣ್ಣ ನಾಯಿಗಳನ್ನು ಮುಂದೆ ನಡೆಯಿಸಿಕೊಂಡು ತುಪ್ಪಟದಲ್ಲಿ ಮುಳುಗಿದಂತೆ ಹೊದೆದ ಹೆಂಗಸೊಬ್ಬಳು ಸಾಗುತ್ತಿದ್ದಾಳೆ. ಅವಳ ಹಿಂದೆ, ಅದೇ ಬೀದಿಯ ಮೇಲೆ, ಒಂದು ಕುದುರೆ ಗಾಡಿಯೂ ಒಂದು ಮೋಟಾರೂ ಇವೆ. ಎರಡು ಯುಗಗಳು ಒಂದೇ ಚೌಕಟ್ಟಿನಲ್ಲಿ ಒಂದನ್ನೊಂದು ದಾಟುತ್ತಿರುವುದನ್ನು ಇಂದಿನ ನಾವು ಕಾಣುತ್ತೇವೆ. ಗುಂಡಿಯೊತ್ತಿದ ಹುಡುಗ ಕಂಡುದು ಉಡುಪಿನ ಸೊಗಸನ್ನು. ನನ್ನ ಮಟ್ಟಿಗೆ ಈ ಚಿತ್ರಮಾಲೆಯ ಹಿರಿಮೆಯಿರುವುದು ಆ ನಿರುದ್ದಿಷ್ಟತೆಯಲ್ಲಿಯೇ. ಚರಿತ್ರೆಯನ್ನು ದಾಖಲಿಸಹೊರಟವನು ಇಷ್ಟು ಹತ್ತಿರ ಹೋಗುತ್ತಿರಲಿಲ್ಲ. ಪರಿಹಾಸ್ಯ ಮಾಡಹೊರಟವನಲ್ಲಿ ಇಷ್ಟು ಪ್ರೀತಿ ಇರುತ್ತಿರಲಿಲ್ಲ.

ಆತನ ಅತಿ ಪ್ರಸಿದ್ಧವಾದ ಚಿತ್ರದ ಕತೆ ಬೇರೆ ತೆರನಾದುದು. ಮೋಟಾರು ಪಂದ್ಯವೊಂದರಲ್ಲಿ 6ನೆಯ ಸಂಖ್ಯೆಯ ಕಾರು ಎದುರಿನಿಂದ ಧಾವಿಸಿಹೋಗುವಾಗ ಲಾರ್ತೀಗ್ ಅದರೊಡನೆ ಕ್ಯಾಮೆರಾವನ್ನೂ ತಿರುಗಿಸುತ್ತ ಚಿತ್ರ ತೆಗೆದ. ಆತನ ಫಲಕದ ಕ್ಯಾಮೆರಾದಲ್ಲಿ ಷಟರ್ ಎಂಬುದು ಒಂದು ಕಿರುಸೀಳುಳ್ಳ ಪರದೆ. ಅದು ಗಾಜಿನ ಮುಂದೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಯುವಾಗ ದೃಶ್ಯ ಪಟ್ಟಿಪಟ್ಟಿಯಾಗಿ ಮೂಡುತ್ತದೆಯೇ ಹೊರತು ಏಕಕಾಲದಲ್ಲಿ ಮೂಡುವುದಿಲ್ಲ. ಸೀಳು ಸರಿಯುವಷ್ಟರಲ್ಲಿ ಕಾರು ಮುಂದೆ ಹೋಗಿರುವುದರಿಂದ ದುಂಡನೆಯ ಚಕ್ರ ಮುಂದಕ್ಕೆ ವಾಲಿದ ಅಂಡಾಕಾರವಾಯಿತು. ಕ್ಯಾಮೆರಾ ತಾನೂ ತಿರುಗುತ್ತಿದ್ದುದರಿಂದ ನಿಂತಿದ್ದ ಜನರೂ ಕಂಬಗಳೂ ಹಿಂದಕ್ಕೆ ವಾಲಿದರು. ಕಾರಿನ ಮೂತಿ ಚೌಕಟ್ಟಿನಿಂದಲೇ ಹೊರಬಿದ್ದಿತು. ವೇಗವೆಂಬ ಅಮೂರ್ತವಾದ ವಸ್ತುವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಚಿತ್ರ ಆ ಶತಮಾನದಲ್ಲಿ ಮತ್ತೊಂದಿದೆಯೇ ಎಂಬುದು ನನಗೆ ಸಂದೇಹ. ಆದರೆ ಅರ್ಧ ಕಾರು ಕತ್ತರಿಸಿಹೋದ ಆ ಚಿತ್ರ ಲಾರ್ತೀಗನಿಗೆ ಕೆಟ್ಟುಹೋದ ಫಲಕವಾಗಿ ತೋರಿ ದಶಕಗಟ್ಟಲೆ ಮೂಲೆಯಲ್ಲಿದ್ದಿತು. ಬಹುಕಾಲ 1912ರದೆಂದು ಎಲ್ಲ ಪುಸ್ತಕಗಳೂ ಅಚ್ಚುಮಾಡುತ್ತಿದ್ದ ಅದು 1913ರ ಪಂದ್ಯದ್ದೆಂದು ಆಮೇಲಿನ ಸಂಶೋಧಕರು ನಿರ್ಣಯಿಸಿದ್ದಾರೆ.

1915ರಲ್ಲಿ ಆತ ಅಕಾಡೆಮೀ ಝೂಲಿಯಾನ್ ಎಂಬ ಪ್ರಸಿದ್ಧ ಚಿತ್ರಶಾಲೆಯನ್ನು ಸೇರಿದ. 1922ರಿಂದ ಆತನ ಹೂವಿನ ಚಿತ್ರಗಳೂ ಭಾವಚಿತ್ರಗಳೂ ಪ್ರದರ್ಶನಗಳಲ್ಲಿ ಕಾಣಿಸಿಕೊಂಡವು. 1919ರಲ್ಲಿ ಸಂಗೀತಕಾರ ಆಂದ್ರೆ ಮೆಸ್ಸಾಜೇನ ಮಗಳು ಬೀಬೀಯೊಡನೆ ವಿವಾಹವಾಯಿತು. ಇಲ್ಲಿಂದ ಮುಂದೆ ಆಲ್ಬಮ್ಮುಗಳು ಪ್ರವಾಸಕಥನಗಳಾಗುತ್ತವೆ: ಹಿಮದ ಶಾಮೊನಿ, ಅಲೆಗಳ ಬಿಯಾರಿಟ್ಸ್, ಮೆಡಿಟರೇನಿಯನ್ ತೀರದ ನೀಸ್, ಕಾನ್, ಆಂತೀಬ್. ನೀಳವಾದ ದಿಗಂತಕ್ಕೆ ಹೊಂದುವಂತೆ ಆರಕ್ಕೆ ಹದಿಮೂರು ಸೆಂಟಿಮೀಟರಿನ ಅಡ್ಡಗಲದ ಫಲಕವನ್ನು ಆತ ಬಲು ಇಷ್ಟದಿಂದ ಬಳಸಿದ. ಲ್ಯೂಮಿಯೇರ್ ಸೋದರರ ಆಟೋಕ್ರೋಮ್ ಫಲಕಗಳಿಂದ, ಅಂದರೆ ಬಣ್ಣ ಹಾಕಿದ ಆಲೂಗೆಡ್ಡೆಯ ಪಿಷ್ಟದ ಕಣಗಳನ್ನು ಗಾಜಿಗೆ ಹರಡಿ ಸಾಧಿಸಿದ ಆ ಸೂಕ್ಷ್ಮವಾದ ವರ್ಣವಿಧಾನದಿಂದ, ಕೆಲಕಾಲ ಮುಗ್ಧನಾದರೂ, ಅದಕ್ಕೆ ಬೇಕಾಗುವ ದೀರ್ಘ ಬೆಳಕಿನಿಂದಾಗಿ ಜನ ಬೊಂಬೆಗಳಂತೆ ನಿಲ್ಲಬೇಕಾಗುತ್ತಿದ್ದುದರಿಂದ 1927ರ ವೇಳೆಗೆ ಅದನ್ನು ಬಿಟ್ಟ. ಕುಟುಂಬದ ಐಶ್ವರ್ಯ ಕ್ರಮವಾಗಿ ಕರಗಿತು. ಬಣ್ಣದ ಕುಂಚದಿಂದಲೇ ಜೀವನ ಸಾಗಬೇಕಾಯಿತು. ಆಲ್ಬಮ್ಮುಗಳಲ್ಲಿ ಮಾತ್ರ ಬಿಸಿಲು ಕಡಿಮೆಯಾಗಲಿಲ್ಲ.

ಇಲ್ಲಿಯೇ ಗಂಭೀರವಾದ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ಎರಡು ಮಹಾಯುದ್ಧಗಳು ಯೂರೋಪನ್ನು ಸುಟ್ಟ ಕಾಲದಲ್ಲಿ ಬದುಕಿದ ಈತನ ಸಾವಿರಾರು ಪುಟಗಳಲ್ಲಿ ಆ ಬೆಂಕಿಯ ಬೆಳಕು ಬಹು ವಿರಳ. 1944ರಲ್ಲಿ ಪ್ಯಾರಿಸ್ ಬಿಡುಗಡೆಯಾದ ದಿನಗಳ ಚಿತ್ರಗಳು ಉಂಟು. ಹಸಿವಿನ, ಭಯದ, ಸಾವಿನ ಚಿತ್ರಗಳು ಇಲ್ಲವೆನ್ನುವಷ್ಟು ಕಡಿಮೆ. ಬಡವರ ಪ್ಯಾರಿಸ್ ಅಲ್ಲಿ ಅಂಚಿನಲ್ಲಿಯೂ ಸುಳಿಯುವುದಿಲ್ಲ. ಇದು ಕೊರತೆಯೇ ಹೌದು, ಮತ್ತು ಆತನನ್ನು ಮೆಚ್ಚುವವರು ಇದನ್ನು ಮರೆಮಾಚಬಾರದು. ಆದರೆ ಅವನು ಕಟ್ಟಿದುದು ಯುಗದ ವರದಿಯನ್ನಲ್ಲ. ಕೈಜಾರುತ್ತಿರುವ ಸುಖವನ್ನು ಕೂಡಿಡುವೆನೆಂದು ಎಳವೆಯಲ್ಲಿ ತೊಟ್ಟ ಪಣವೊಂದನ್ನು ಆತ ವೃದ್ಧಾಪ್ಯದವರೆಗೂ ನಡೆಸಿದ. ಕತ್ತಲೆಯನ್ನು ಕಾಣದವನು ಹಾಗೆ ಬೆಳಕನ್ನು ಬೆನ್ನಟ್ಟಿ ಹೋಗಬೇಕಾದ ಆತುರವೇನಿತ್ತು? ಆ ಚಿತ್ರಗಳ ಲಘುತ್ವದ ಅಡಿಯಲ್ಲಿ ನನಗೆ ಸದಾ ಆ ಮಗುವಿನ ಕಳವಳವೇ ಕಾಣುತ್ತದೆ.

1962ರಲ್ಲಿ ಮೂರನೆಯ ಪತ್ನಿ ಫ್ಲೊರೆತ್ತಳೊಡನೆ ಅಮೆರಿಕಕ್ಕೆ ಹೋದಾಗ ಆತನ ಹಳೆಯ ಚಿತ್ರಗಳು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಛಾಯಾಚಿತ್ರ ವಿಭಾಗದ ಹೊಸ ಮುಖ್ಯಸ್ಥ ಜಾನ್ ಸರ್ಕೌಸ್ಕಿಯ ಕಣ್ಣಿಗೆ ಬಿದ್ದವು. ಮರುವರ್ಷವೇ ಪ್ರದರ್ಶನ ನಡೆಯಿತು. ಅರವತ್ತೊಂಬತ್ತು ವರ್ಷದ ಚಿತ್ರಕಾರ ಲೋಕಕ್ಕೆ ಹೊಸ ಛಾಯಾಗ್ರಾಹಕನಾಗಿ ಪರಿಚಿತನಾದ. ಅದೇ ವರ್ಷದ ನವೆಂಬರಿನಲ್ಲಿ ಲೈಫ್ ಪತ್ರಿಕೆ ಆತನ ಚಿತ್ರಗಳನ್ನು ಅಚ್ಚುಮಾಡಿದ ಸಂಚಿಕೆಯೇ ಅಧ್ಯಕ್ಷ ಕೆನೆಡಿಯ ಹತ್ಯೆಯ ವಾರ್ತೆಯನ್ನು ಹೊತ್ತ ಸಂಚಿಕೆಯೂ ಆಗಿದ್ದುದರಿಂದ ಅಗಣಿತ ಮನೆಗಳನ್ನು ಅವು ತಲುಪಿದವು. 1970ರಲ್ಲಿ ಛಾಯಾಗ್ರಾಹಕ ರಿಚರ್ಡ್ ಅವೆಡನ್ ಸಂಪಾದಿಸಿದ ಪುಸ್ತಕ ಆ ಕೀರ್ತಿಯನ್ನು ಸ್ಥಿರಗೊಳಿಸಿತು.

ಕಲಾಲೋಕ ಹೀಗೆ ಬರಮಾಡಿಕೊಂಡ ಲಾರ್ತೀಗ್ ಏನೂ ಅರಿಯದ ಬಾಲಪ್ರತಿಭೆ. ಈಚಿನ ವಿದ್ವಾಂಸ ಕೆವಿನ್ ಮೂರ್ ಇದನ್ನು ಪ್ರಶ್ನಿಸಿ, ಆ ಹುಡುಗ ಅಂದಿನ ಸಚಿತ್ರ ಕ್ರೀಡಾಪತ್ರಿಕೆಗಳನ್ನು ಶ್ರದ್ಧೆಯಿಂದ ನೋಡಿ ಕಲಿತವನು, ತಂದೆಯ ಹವ್ಯಾಸದ ಪರಂಪರೆಯಲ್ಲಿ ಬೆಳೆದವನು ಎಂದು ತೋರಿಸಿದ್ದಾನೆ. ಈ ವಾದ ನನಗೆ ಸಮ್ಮತವಾಗಿದೆ. ಕಲಿತವನೆಂದ ಮಾತ್ರಕ್ಕೆ ಕಣ್ಣಿನ ತಾಜಾತನ ಕಡಿಮೆಯಾಗುವುದಿಲ್ಲ. ನನ್ನ ವ್ಯಸನ ಬೇರೊಂದು. ಸಂಗ್ರಹಾಲಯದ ಗೋಡೆಗೆಂದು ಆರಿಸಿ, ಹಿಗ್ಗಿಸಿ, ಒಂದೊಂದಾಗಿ ತೂಗುಹಾಕಿದಾಗ, ಆ ಚಿತ್ರಗಳು ಯಾವುದರ ಅಂಗವಾಗಿದ್ದವೋ ಆ ಆಲ್ಬಮ್ಮಿನ ಪುಟ ಕಣ್ಮರೆಯಾಯಿತು. ಪುಟದ ಮೇಲಾದರೋ ದೊಡ್ಡ ಚಿತ್ರವೊಂದರ ಸುತ್ತ ಚಿಕ್ಕವು ನಾಲ್ಕಾರು ಕೂಡಿ, ಊರು ತಿಂಗಳುಗಳ ಹೆಸರು ಆತನ ಕೈಬರಹದಲ್ಲಿಯೇ ಇದ್ದು, ಜಿಗಿತಕ್ಕೆ ಮೊದಲಿನ ನಿಲುವೂ ಜಿಗಿತದ ಅನಂತರದ ನಗುವೂ ಅಕ್ಕಪಕ್ಕದಲ್ಲಿ ದೊರೆಯುತ್ತವೆ. 1970ರ ದಶಕದಲ್ಲಿ ಮುದುಕನಾದ ಲಾರ್ತೀಗ್ ಹಳೆಯ ಆಲ್ಬಮ್ಮುಗಳನ್ನು ಬಿಚ್ಚಿ ದೊಡ್ಡ ಅಳತೆಯಲ್ಲಿ ಹೊಸದಾಗಿ ಜೋಡಿಸಿದನೆಂಬುದೂ ಗಮನಾರ್ಹ. ನಮಗೆ ಉಳಿದಿರುವುದು ಬಾಲಕ ಕಂಡ ಬಾಲ್ಯ ಮಾತ್ರವಲ್ಲ, ವೃದ್ಧನು ಮತ್ತೆ ವ್ಯವಸ್ಥೆಗೊಳಿಸಿದ ಬಾಲ್ಯ ಕೂಡ.

1979ರಲ್ಲಿ ಆತ ನೆಗೆಟಿವುಗಳನ್ನೂ ಆಲ್ಬಮ್ಮುಗಳನ್ನೂ ದಿನಚರಿಗಳನ್ನೂ ಫ್ರೆಂಚ್ ಸರಕಾರಕ್ಕೆ ದಾನವಾಗಿ ಕೊಟ್ಟ. ಜೀವಂತವಾಗಿರುವಾಗಲೇ ತನ್ನ ಸಮಗ್ರ ಕೃತಿಯನ್ನು ರಾಷ್ಟ್ರಕ್ಕೆ ಒಪ್ಪಿಸಿದ ಛಾಯಾಗ್ರಾಹಕರಲ್ಲಿ ಆ ದೇಶದಲ್ಲಿ ಆತನೇ ಮೊದಲಿಗ. 1986ರ ಸೆಪ್ಟೆಂಬರ್ 12ರಂದು ನೀಸ್ ನಗರದಲ್ಲಿ ತೀರಿಕೊಂಡಾಗ ಆತನಿಗೆ ತೊಂಬತ್ತೆರಡು ವರ್ಷ. ಸುಮಾರು 14,000 ಪುಟಗಳ ಆ ಭಂಡಾರ ಈಗ ಪ್ಯಾರಿಸಿನ ಪಕ್ಕದಲ್ಲಿ ಸರಕಾರದ ಸಂರಕ್ಷಣೆಯಲ್ಲಿದ್ದು, ಆಯ್ದ ಭಾಗಗಳು ಆಗಾಗ್ಗೆ ಪ್ರದರ್ಶನಗಳಾಗಿ ಊರೂರು ಸುತ್ತುತ್ತವೆ. ಅಂಥ ಪ್ರದರ್ಶನವೊಂದಕ್ಕೆ ಹೋಗುವ ಅವಕಾಶ ದೊರೆತ ನಮ್ಮ ಓದುಗರು, ಗೋಡೆಯ ಮೇಲಿನ ದೊಡ್ಡ ಅಚ್ಚುಗಳ ಮುಂದೆ ನಿಲ್ಲುವುದಕ್ಕೆ ಮೊದಲು, ಗಾಜಿನ ಪೆಟ್ಟಿಗೆಯಲ್ಲಿ ತೆರೆದಿಟ್ಟ ಆಲ್ಬಮ್ಮಿನ ಪುಟಗಳನ್ನೂ ದಿನಚರಿಯ ಕಿರುರೇಖೆಗಳನ್ನೂ ಬಗ್ಗಿ ಸಾವಕಾಶವಾಗಿ ನೋಡಬೇಕೆಂದು ನನ್ನ ವಿನಂತಿ.