ನಾನಕಟಾಯಿಯ ಅಳತೆ

ದೀಪಾವಳಿ ಸಮೀಪಿಸಿತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಮನೆಗಳಲ್ಲಿ ಒಲೆಯ ಮೇಲಿನ ಬಾಣಲೆ ಕೆಳಗಿಳಿಯುವುದಿಲ್ಲ. ಚಕ್ಕುಲಿ, ಶಂಕರಪಾಳಿ, ಕರ್ಚಿಕಾಯಿ, ಬೇಸನ್ ಉಂಡಿ, ಚೂಡಾ ಒಂದೊಂದಾಗಿ ಸಿದ್ಧವಾಗಿ ಡಬ್ಬಿ ಸೇರುತ್ತವೆ. ಫರಾಳದ ಈ ಸಾಲಿನಲ್ಲಿ ಬಾಣಲೆಯನ್ನೇ ಕಾಣದೆ, ಕೇವಲ ಒಣ ಕಾವಿನಲ್ಲಿ ಬೆಂದು ಹದಗೊಳ್ಳುವ ತಿನಿಸೊಂದಿದೆ. ಅದೇ ನಾನಕಟಾಯಿ. ನೋಡಲು ಸಣ್ಣದು, ಬಾಯಿಗಿಟ್ಟರೆ ಕರಗುವಂಥದು. ಆದರೆ ನಮ್ಮ ಭಾಗದ ಗೃಹಜೀವನದ ದೊಡ್ಡ ಪಾಠವೊಂದು ಈ ಸಣ್ಣ ತಿನಿಸಿನಲ್ಲಿ ಅಡಗಿದೆ ಎಂಬುದು ನನ್ನ ಅನುಭವ. ಅದನ್ನೇ ಓದುಗ ಬಂಧುಗಳ ಮುಂದೆ, ವಿಶೇಷವಾಗಿ ಮನೆಯ ತಾಯಂದಿರ ಮುಂದೆ ಇಡಬಯಸುತ್ತೇನೆ.

ಹೆಸರಿನ ಹಿಂದಿನ ಪಯಣ

'ನಾನ್' ಎಂದರೆ ಫಾರಸಿ ಭಾಷೆಯಲ್ಲಿ ರೊಟ್ಟಿ. 'ಖತಾಯಿ' ಎಂಬುದು ಚೀನದೇಶದ ಹಳೆಯ ಹೆಸರಾದ 'ಖತಾ'ದಿಂದ ಬಂದಿತೆಂದು ಹಲವರ ಅಭಿಪ್ರಾಯ. ಗುಜರಾತದ ಸೂರತ್ ಬಂದರಿನಲ್ಲಿ ಡಚ್ ವ್ಯಾಪಾರಿಗಳಿಗಾಗಿ ನಡೆಯುತ್ತಿದ್ದ ಬೇಕರಿ, ಅವರು ಹೊರಟುಹೋದ ಬಳಿಕ ದೋತಿವಾಲಾ ಎಂಬ ಪಾರಸಿ ಮನೆತನದ ಕೈಸೇರಿತಂತೆ. ಅಲ್ಲಿನ ತಿನಿಸುಗಳಲ್ಲಿದ್ದ ಮೊಟ್ಟೆ ಹಾಗೂ ತಾಳೆಯ ಕಳ್ಳನ್ನು ಸ್ಥಳೀಯರು ಒಲ್ಲದ ಕಾರಣ, ಅವೆರಡನ್ನೂ ಕೈಬಿಟ್ಟು ಮಾಡಿದ ಬಿಸ್ಕೀಟೇ ನಾನಕಟಾಯಿಯಾಗಿ ಬೆಳೆಯಿತೆಂಬ ಕಥೆ ಪ್ರಚಲಿತವಾಗಿದೆ. ಸೂರತ್ತಿನಿಂದ ಮುಂಬಯಿಗೆ, ಮುಂಬಯಿಯಿಂದ ಒಳನಾಡಿನ ಪೇಟೆಗಳಿಗೆ ಅದು ಹಬ್ಬಿತು. ನಮ್ಮ ಬೆಳಗಾವಿ ಜಿಲ್ಲೆ ೧೯೫೬ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತಾದ್ದರಿಂದ ಈ ತಿನಿಸು ಇಲ್ಲಿ ಮನೆಮಾತಾದುದರಲ್ಲಿ ಆಶ್ಚರ್ಯವಿಲ್ಲ.

ಭಟ್ಟಿಯ ರಾತ್ರಿ

ನಾನು ಬಾಲಕನಾಗಿದ್ದಾಗ, ಎಂದರೆ ೧೯೭೦ರ ಆಸುಪಾಸಿನಲ್ಲಿ, ಹಬ್ಬಕ್ಕೆ ವಾರವಿದೆಯೆನ್ನುವಾಗ ಊರಿನ ಹೆಣ್ಣುಮಕ್ಕಳು ಕೂಡಿಕೊಂಡು ಪೇಟೆಯ ಬೇಕರಿಗೆ ಹೋಗುತ್ತಿದ್ದರು. ಹಿಟ್ಟು, ರವೆ, ಸಕ್ಕರೆ, ಡಾಲ್ಡಾ ಎಲ್ಲವೂ ಮನೆಯವೇ; ಭಟ್ಟಿಯ ಕಾವು ಮತ್ತು ಕೈಗೆಲಸ ಮಾತ್ರ ಬೇಕರಿಯವರದು. ಕಿಲೋ ಲೆಕ್ಕದಲ್ಲಿ ಕೂಲಿ. ದಿನದ ಬ್ರೆಡ್ ಸುಟ್ಟು ಮುಗಿದ ಮೇಲೆ ಸಂಜೆ ಮನೆಗಳ ಸರದಿ ಆರಂಭವಾಗುತ್ತಿತ್ತು. ಉಂಡೆಗಳನ್ನು ಜೋಡಿಸಿದ ಪತ್ರಾಗಳನ್ನು ಉದ್ದನೆಯ ಮರದ ಹಿಡಿಕೆಯಿಂದ ಭಟ್ಟಿಯೊಳಗೆ ತಳ್ಳುತ್ತಿದ್ದರು. ಯಾರ ಪತ್ರಾ ಯಾವುದೆಂದು ಗುರುತಿಡುವುದು, ನಿದ್ದೆಗೆಡದೆ ಕಾಯುವುದು ಮಕ್ಕಳ ಕೆಲಸ. ನಡುರಾತ್ರಿ ಬೆಚ್ಚನೆಯ ಡಬ್ಬಿಯನ್ನು ಎದೆಗವಚಿಕೊಂಡು ಮನೆಗೆ ಮರಳುವ ಆ ಸಂಭ್ರಮವನ್ನು ಈ ಭಾಗದ ಹಿರಿಯರಾರೂ ಮರೆತಿರಲಾರರು.

ನಮ್ಮ ಆಯಿ ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ. ಇಷ್ಟಲಿಂಗಕ್ಕೆ ಅರ್ಪಿಸದೆ ಏನನ್ನೂ ಬಾಯಿಗಿಡದ ನೇಮದವಳು. "ಆ ಪತ್ರಾದ ಮ್ಯಾಲೆ ನಿನ್ನಿ ಏನ ಸುಟ್ಟಾರೋ ಯಾರ ಬಲ್ಲರು?" ಎಂಬುದು ಅವಳ ಪ್ರಶ್ನೆ. ಮೊಟ್ಟೆಯ ಕೇಕು ಬೇಯುವ ಪತ್ರಾದ ಮೇಲೆಯೇ ನಾನಕಟಾಯಿಯೂ ಬೇಯುತ್ತದೆಂಬುದು ಅವಳ ಸಂಶಯ. ಆದ್ದರಿಂದ ನಮ್ಮವ್ವ ಆಯಿಯ ಪಾಲನ್ನು ಮನೆಯಲ್ಲೇ ಮಾಡುತ್ತಿದ್ದಳು. ದಪ್ಪ ಬೋಗುಣಿಯಲ್ಲಿ ತೊಳೆದೊಣಗಿಸಿದ ಉಸುಕನ್ನು ಹರಡಿ, ಅದರ ಮೇಲೆ ತಾಟನ್ನಿಟ್ಟು, ಮುಚ್ಚಳ ಮುಚ್ಚಿ, ಕೆಳಗೆ ಶೆಗಡಿಯ ಕೆಂಡ, ಮುಚ್ಚಳದ ಮೇಲೂ ನಾಲ್ಕು ಕೆಂಡ. ನಾನು ಕಂಡ ಮೊದಲ ಮನೆಭಟ್ಟಿ ಅದು.

ಬರದ ವರ್ಷದ ಪರಾತ

೧೯೭೨ರ ಬರಗಾಲವನ್ನು ನಮ್ಮ ಪೀಳಿಗೆ ಮರೆಯುವಂತಿಲ್ಲ. ಆ ವರ್ಷ ಭಟ್ಟಿಗೆ ಹೋಗುವ ಮಾತೇ ಇರಲಿಲ್ಲ. ಮೈದಾ ಇಲ್ಲ, ಸಕ್ಕರೆ ಇಲ್ಲ. ಮನೆಯಲ್ಲಿದ್ದುದು ಸ್ವಲ್ಪ ಜೋಳದ ಹಿಟ್ಟು, ಒಂದು ತುಣುಕು ಬೆಲ್ಲ, ಗಡಿಗೆಯ ತಳದಲ್ಲಿನ ತುಪ್ಪ. ಅವ್ವ ಅಷ್ಟರಲ್ಲೇ ಕಲಸಿ, ತಟ್ಟಿ, ಆ ಬೋಗುಣಿಯಲ್ಲಿ ಬೇಯಿಸಿದಳು. ಮುಟ್ಟಿದರೆ ಮುರಿಯುವಂಥ ಒರಟು ಬಿಲ್ಲೆಗಳು. ಅದರ ಘಮಕ್ಕೆ ನಾವು ಮಕ್ಕಳು ಒಲೆಯ ಸುತ್ತ ಕುಳಿತಿದ್ದೆವು.

ಮೊದಲು ಬೆಂದವುಗಳನ್ನು ಪರಾತದಲ್ಲಿ ಹಾಕಿ ನನ್ನ ಕೈಗಿತ್ತಳು. ಊರ ಹೊರಗೆ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುತ್ತಿದ್ದ ಪರಊರಿನ ಕುಟುಂಬಗಳಿದ್ದವು. ಅವರ ಮಕ್ಕಳಿಗೆ ಕೊಟ್ಟು ಬಾ ಎಂದಳು. "ನಾವು ತಿಂದು ಉಳದ್ರ ಕೊಡೂನವ್ವಾ" ಎಂದೆ ನಾನು. ಅವಳು ಸಿಟ್ಟಾಗಲಿಲ್ಲ. "ತಮ್ಮಾ, ಉಳದ್ರ ಕೊಡೂನು ಅಂದ್ರ ಯಾವತ್ತೂ ಉಳಿಯಾಂಗಿಲ್ಲ. ಅವರದನ್ನ ಕೂಡಿಸೇ ಕಲಸೀನಿ" ಎಂದಳು.

ಆ ಮಾತಿನ ಅರ್ಥ ನನಗೆ ಆಗ ಹತ್ತಲಿಲ್ಲ ಎಂಬುದಕ್ಕೆ ಸಾಕ್ಷಿಯನ್ನೂ ನಾನೇ ಹೇಳಬೇಕು. ಮುಂದೆ ವಿದ್ಯಾಭ್ಯಾಸಕ್ಕೆಂದು ಮಠದ ಪ್ರಸಾದನಿಲಯ ಸೇರಿದೆ. ಒಂದು ದೀಪಾವಳಿಗೆ ಊರಿಗೆ ಹೋಗಲಾಗಲಿಲ್ಲ. ಅವ್ವ ಊರವರ ಕೈಯಲ್ಲಿ ಒಂದು ಡಬ್ಬಿ ನಾನಕಟಾಯಿ ಕಳುಹಿಸಿದಳು. ಮಠದಲ್ಲಿ ಯಾರ ಮನೆಯಿಂದ ಏನೇ ಬಂದರೂ ಪಂಕ್ತಿಗೆ ಒಪ್ಪಿಸುವುದು ಪದ್ಧತಿ. ನಾನು ಡಬ್ಬಿಯನ್ನು ಟ್ರಂಕಿನಲ್ಲಿ ಬಟ್ಟೆಗಳ ಕೆಳಗೆ ಅಡಗಿಸಿಟ್ಟೆ. ಮೂರನೆಯ ದಿನ ತೆರೆದರೆ ಡಬ್ಬಿಯ ತುಂಬ ಇರುವೆ. ಇರುವೆಗಳ ಸಾಲು ಕೋಣೆಯ ಹೊಸ್ತಿಲವರೆಗೆ ಹರಿದಿತ್ತು. ಅದನ್ನು ಕಂಡ ಹಿರಿಯ ಸ್ವಾಮಿಗಳು ಬೈಯಲಿಲ್ಲ. "ಇರಿವಿ ಆದ್ರೂ ಕೂಡಿ ತಿಂದಾವಲ್ಲೋ ತಮ್ಮಾ" ಎಂದಷ್ಟೇ ನುಡಿದು ಮುನ್ನಡೆದರು. ವರ್ಷಗಳ ಶಾಸ್ತ್ರಾಧ್ಯಯನದಲ್ಲಿ ನನಗೆ ದೊರೆತ ಅತ್ಯಂತ ಚಿಕ್ಕ ಪಾಠ ಅದು, ಮತ್ತು ಅತ್ಯಂತ ಬಿಸಿಯಾದುದು.

ಇಂದಿನ ಪಾಕೀಟು, ಮನೆಯ ಭಟ್ಟಿ

ಈಗ ಪಾಕೀಟಿನ ನಾನಕಟಾಯಿ ಎಲ್ಲ ಅಂಗಡಿಗಳಲ್ಲಿಯೂ ದೊರೆಯುತ್ತದೆ. ಭಟ್ಟಿಗೆ ಹಿಟ್ಟು ಒಯ್ಯುವ ರೂಢಿ ನಮ್ಮ ಪೇಟೆಗಳಲ್ಲಿ ಪೂರ್ತಿ ಅಳಿದಿಲ್ಲ. ಆದರೆ ಹಿಂದಿನ ಸಂದಣಿ ಇಲ್ಲ. ಕೊಂಡು ತಿನ್ನುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಯಾವ ಕೊಬ್ಬಿನಿಂದ ಮಾಡಿದ್ದೆಂಬುದನ್ನು ಪಾಕೀಟಿನ ಮೇಲೆ ಓದಿ ನೋಡುವುದು ಒಳಿತು. ೧೯೩೭ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾ ತುಪ್ಪದ ಸ್ಥಾನವನ್ನೇ ಆಕ್ರಮಿಸಿತು. ಎಣ್ಣೆಯನ್ನು ಹೆಪ್ಪುಗಟ್ಟಿಸುವ ಕ್ರಿಯೆಯಲ್ಲಿ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಹಾನಿಕರವೆಂದು ವೈದ್ಯವಿಜ್ಞಾನ ಖಚಿತಪಡಿಸಿದ ಮೇಲೆ, ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು ಎಣ್ಣೆ-ಕೊಬ್ಬುಗಳಲ್ಲಿ ಅದರ ಮಿತಿಯನ್ನು ೨೦೨೧ರಲ್ಲಿ ಶೇಕಡಾ ೩ಕ್ಕೆ, ೨೦೨೨ರಲ್ಲಿ ಶೇಕಡಾ ೨ಕ್ಕೆ ಇಳಿಸಿತು. ತುಪ್ಪವೂ ಕೊಬ್ಬೇ ಆದ್ದರಿಂದ ಮಿತಿಯಲ್ಲಿಯೇ ಇರಬೇಕು. ಆದರೆ ಮನೆಯಲ್ಲಿ ಮಾಡಿದರೆ ಏನು ಹಾಕಿದೆವೆಂಬುದು ನಮಗೆ ಗೊತ್ತಿರುತ್ತದೆ. ಆಯಿಯಂಥವರ ನೇಮವೂ ಉಳಿಯುತ್ತದೆ.

ನಮ್ಮ ಮನೆಯಲ್ಲಿ ಸೊಸೆ ಅನುಸರಿಸುವ ಅಳತೆಯನ್ನು ಇಲ್ಲಿ ಕೊಡುತ್ತೇನೆ. ಮೈದಾ ೧೫೦ ಗ್ರಾಂ, ಕಡಲೆಹಿಟ್ಟು ೫೦ ಗ್ರಾಂ, ಸಣ್ಣ ರವೆ ೨೫ ಗ್ರಾಂ, ಬೀಸಿದ ಸಕ್ಕರೆ ೧೧೦ ಗ್ರಾಂ, ತುಪ್ಪ ೧೨೫ ಗ್ರಾಂ, ಅಡುಗೆ ಸೋಡಾ ಕಾಲು ಚಮಚ, ಏಲಕ್ಕಿ ಪುಡಿ ಅರ್ಧ ಚಮಚ, ಚಿಟಿಕೆ ಉಪ್ಪು. ತುಪ್ಪ ಕರಗಿದ ಸ್ಥಿತಿಯಲ್ಲಿರಬಾರದು, ಬೆಣ್ಣೆಯಂತೆ ಹೆಪ್ಪುಗಟ್ಟಿರಬೇಕು. ಮೊದಲು ತುಪ್ಪ-ಸಕ್ಕರೆಗಳನ್ನು ಬಿಳುಪಾಗಿ ಹಗುರಾಗುವವರೆಗೆ ಅಂಗೈಯಿಂದ ತಿಕ್ಕಬೇಕು. ಈ ತಿಕ್ಕುವಿಕೆಯಲ್ಲಿ ಸೇರುವ ಗಾಳಿಯೇ ನಾನಕಟಾಯಿಯನ್ನು ಹಗುರಗೊಳಿಸುವುದು. ಬಳಿಕ ಹಿಟ್ಟುಗಳನ್ನು, ಉಳಿದವುಗಳನ್ನು ಜರಡಿ ಹಿಡಿದು ಬೆರೆಸಬೇಕು. ನೀರು ಬೇಡ. ಚಪಾತಿಯ ಕಣಕದಂತೆ ನಾದಲೂಬಾರದು. ನಾದಿದರೆ ಜಿಗುಟಾಗಿ, ಬೆಂದ ಮೇಲೆ ಗಟ್ಟಿಯಾಗುತ್ತದೆ. ಅರ್ಧ ತಾಸು ಮುಚ್ಚಿಟ್ಟು, ನಿಂಬೆಕಾಯಿಗಿಂತ ಚಿಕ್ಕ ಉಂಡೆಗಳನ್ನು ಮಾಡಿ ಮೆಲ್ಲಗೆ ಒತ್ತಬೇಕು. ಈ ಅಳತೆಗೆ ೨೨ರಿಂದ ೨೪ ಆಗುತ್ತವೆ.

ಓವನ್ ಇದ್ದವರು ೧೭೦ ಡಿಗ್ರಿ ಕಾವಿನಲ್ಲಿ ೧೫ರಿಂದ ೧೮ ನಿಮಿಷ ಬೇಯಿಸಬಹುದು. ಇಲ್ಲದವರು ದಪ್ಪ ತಳದ ಹಳೆಯ ಬೋಗುಣಿಯಲ್ಲಿ ಅರ್ಧ ಕಿಲೋ ಉಪ್ಪು ಹರಡಿ, ಚಿಕ್ಕ ಸ್ಟ್ಯಾಂಡ್ ಇಟ್ಟು, ಮುಚ್ಚಿ, ಹತ್ತು ನಿಮಿಷ ಕಾಯಿಸಿ, ತಾಟನ್ನಿಟ್ಟು ಸಣ್ಣ ಉರಿಯಲ್ಲಿ ೨೦ರಿಂದ ೨೫ ನಿಮಿಷ ಬೇಯಿಸಲಿ. ಉಂಡೆಗಳ ನಡುವೆ ಅಂತರವಿರಲಿ, ಅವು ಅಗಲವಾಗುತ್ತವೆ. ಮೇಲ್ಭಾಗ ಬಿರಿದು, ಅಂಚು ತುಸು ಕೆಂಪಾದರೆ ಬೆಂದಂತೆಯೇ. ಬಿಸಿಯಾಗಿರುವಾಗ ಮೆತ್ತಗಿರುತ್ತವೆ, ಬೆಂದಿಲ್ಲವೆಂದು ಮತ್ತೆ ಒಲೆಯ ಮೇಲಿಟ್ಟು ಕೆಡಿಸಬಾರದು. ಆರಿದ ಮೇಲೆ ತಾವೇ ಗರಿಯಾಗುತ್ತವೆ. ಪೂರ್ತಿ ಆರಿದ ಬಳಿಕವೇ ಡಬ್ಬಿಗೆ ತುಂಬಬೇಕು. ಮೈದಾ ಬದಲು ಗೋಧಿಹಿಟ್ಟು, ಸಕ್ಕರೆ ಬದಲು ಬೆಲ್ಲದ ಪುಡಿ ಹಾಕಬಹುದು. ಬೆಲ್ಲ ಬೇಗ ಕಪ್ಪಾಗುವುದರಿಂದ ಉರಿ ಇನ್ನೂ ಸಣ್ಣದಿರಲಿ.

ಸಿಹಿಯ ಮೂಲ

ಈ ಅಳತೆಯಲ್ಲಿನ ೧೧೦ ಗ್ರಾಂ ಸಕ್ಕರೆ ನಮಗೆ ದೂರದಿಂದ ಬಂದುದಲ್ಲ. ಕೃಷ್ಣೆ, ದೂಧಗಂಗೆಯರ ನೀರುಂಡ ನಮ್ಮ ಈ ನೆಲ ಕಬ್ಬಿನ ಸೀಮೆ. ಇಂದಿನ ಕಾಗವಾಡ ತಾಲ್ಲೂಕಿನ ಉಗಾರ ಖುರ್ದದ ಸಕ್ಕರೆ ಕಂಪನಿ ೧೯೩೯ರಲ್ಲಿಯೇ ಸ್ಥಾಪನೆಗೊಂಡುದು. ಅನಂತರ ಒಂದರ ಹಿಂದೊಂದು ಕಾರ್ಖಾನೆಗಳು ಬಂದವು. ನಾವು ದೀಪ ಹಚ್ಚುವ ದಿನಗಳೇ ಕಬ್ಬು ನುರಿಸುವ ಹಂಗಾಮು ತೊಡಗುವ ದಿನಗಳು. ಬೀಡ, ಜತ್ತ, ವಿಜಯಪುರದ ಕಡೆಗಳಿಂದ ಕಬ್ಬು ಕಡಿಯುವ ಗ್ಯಾಂಗಿನವರು ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಮಕ್ಕಳುಮರಿಗಳೊಂದಿಗೆ ಬಂದು, ಹೊಲದಂಚಿನಲ್ಲಿ ತಾಡಪತ್ರಿಯ ಗುಡಿಸಲು ಹಾಕುತ್ತಾರೆ. ನಸುಕಿನಲ್ಲೆದ್ದು ಕಬ್ಬಿಗಿಳಿಯುತ್ತಾರೆ. ನಮ್ಮ ಹಬ್ಬದ ಸಿಹಿಯನ್ನು ಕಡಿದು ಹೊರುವ ಕೈಗಳ ದೀಪಾವಳಿ ಹೀಗೆ ಪರಊರಿನ ಹೊಲದಲ್ಲಿ ಕಳೆಯುತ್ತದೆ.

ಇಲ್ಲಿ ನನಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಗುತ್ತದೆ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವಳ ಪತಿ ಮಾರಯ್ಯನ ಕಾಯಕ. ಒಂದು ದಿನ ಆತ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಅವಳು ತಿರುಗಿ ಕಳುಹಿಸಿದಳೆಂಬುದು ಎಲ್ಲರೂ ಬಲ್ಲ ಪ್ರಸಂಗ. ಆ ಸ್ವಲ್ಪ ಅಕ್ಕಿಯಲ್ಲಿಯೇ ದಾಸೋಹ ನಡೆಯಿತು. ಅಂದರೆ ದಾಸೋಹಕ್ಕೆ ಬೇಕಾದುದು ಹೆಚ್ಚುವರಿ ಸಂಗ್ರಹವಲ್ಲ, ಸರಿಯಾದ ಅಳತೆ. ಮಿಕ್ಕುದನ್ನು ಕೊಟ್ಟರೆ ಅದು ಕೇವಲ ವಿಲೇವಾರಿ. ಕಲಸುವಾಗಲೇ ಇನ್ನೊಬ್ಬರ ಪಾಲನ್ನು ಎಣಿಸಿ ಕಲಸಿದರೆ ಅದು ದಾಸೋಹ. ಅಕ್ಷರ ಬಾರದ ನಮ್ಮವ್ವ ಬರಗಾಲದ ವರ್ಷದಲ್ಲಿ ನನಗೆ ಹೇಳಿದುದು ಇದನ್ನೇ.

ಕೆಲವು ವರ್ಷಗಳಿಂದ ನಮ್ಮ ಮನೆಯಲ್ಲಿ ಮೇಲಿನ ಅಳತೆಯನ್ನು ನಾಲ್ಕು ಪಟ್ಟು ಮಾಡಿ ಕಲಸುತ್ತಾರೆ. ಮೊದಲ ಪಾಲು ಗುಡಿಸಲುಗಳಿಗೆ. ಮೊದಲ ವರ್ಷ ಡಬ್ಬಿಯನ್ನು ನಾನೇ ಒಯ್ದಿದ್ದೆ. ಕೊಡುವವನ ಗತ್ತು ನನ್ನಲ್ಲಿ ತುಸು ಇತ್ತೆಂಬುದನ್ನು ಮುಚ್ಚಿಡಲಾರೆ. ಗುಡಿಸಲಿನ ತಾಯಿ ನಾನಕಟಾಯಿಗಳನ್ನು ತನ್ನ ತಾಟಿಗೆ ಸುರಿದುಕೊಂಡು, "ನಿಂದರ್ರಿ ಯಜ್ಜಾ" ಎಂದು ಒಳಗೆ ಹೋದಳು. ಮರಳಿ ಬಂದಾಗ ನನ್ನ ಡಬ್ಬಿಯಲ್ಲಿ ಎರಡು ಸಜ್ಜೆಯ ರೊಟ್ಟಿ, ಒಂದು ಹಿಡಿ ಶೇಂಗಾ ಹಿಂಡಿ ಇದ್ದವು. "ಹಬ್ಬದ ದಿನ ಖಾಲಿ ಡಬ್ಬಿ ಕಳಸಬಾರದರಿ" ಎಂದಳು.

ಮನೆಗೆ ಬಂದು ಆ ರೊಟ್ಟಿಯನ್ನು ಎಲ್ಲರೂ ಹಂಚಿಕೊಂಡು ತಿಂದೆವು. ಹಿಟ್ಟು ಅಳೆಯುವಾಗ ಅವಳೂ ನಮ್ಮ ಪಾಲನ್ನು ಎಣಿಸಿರಲಿಲ್ಲ, ನಿಜ. ಆದರೂ ತನ್ನ ಮಕ್ಕಳ ಪಾಲಿನಿಂದ ಮುರಿದು ಕೊಟ್ಟಿದ್ದಳು. ನಮ್ಮ ಅಳತೆಗಿಂತ ಅವಳ ಅಳತೆಯೇ ದೊಡ್ಡದಾಗಿತ್ತು.

ತಾಯಂದಿರೇ, ಈ ಸಲದ ಹಬ್ಬಕ್ಕೆ ಹಿಟ್ಟು ಜರಡಿ ಹಿಡಿಯುವ ಮುನ್ನ ಒಮ್ಮೆ ಎಣಿಸಿರಿ: ಮನೆಯವರು ಎಷ್ಟು, ನೆರೆಯವರು ಎಷ್ಟು, ಹೊಲದಂಚಿನಲ್ಲಿ ಎಷ್ಟು ದೀಪ ಹಚ್ಚದ ಗುಡಿಸಲುಗಳಿವೆ. ಆಮೇಲೆ ಕಲಸಿರಿ.